ಡಾಕ್ಟ್ರಮ್ಮನ ದನಿ ತಲುಪುವ ಹೊತ್ತು

ಡಾಕ್ಟ್ರಮ್ಮ ನಮ್ಮೂರಿಗೆ ಬಂದ ದಿನ ಊರಬಾಗಿಲಲ್ಲಿ ನಿಂತು ಬೆಳಿಗ್ಗೆ ಹೇಳಿದ ನಮಸ್ಕಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಕೇಳಿಸಿತು. ಅಷ್ಟರಲ್ಲಿ ಅವರು ಬಾಡಿಗೆ ಮನೆ ಹಿಡಿದು, ಗುಡಿಸಿ ಒರೆಸಿ, ಅನ್ನಕ್ಕಿಟ್ಟೂ ಆಗಿತ್ತು. ಯಾರೂ ಇಲ್ಲದ ಕಡೆಯಿಂದ ಹೆಣ್ಣುದನಿಯೊಂದು ತಾನು ಡಾಕ್ಟರು, ಇಲ್ಲಿ ಕೆಲಸ ಮಾಡಲು ಬಂದಿದ್ದೇನೆ ಅಂದಾಗ, ಬಾಗಿಲು ಕಾಯುವ ಬೋರಣ್ಣ ಎಲೆಅಡಿಕೆ ಜಗಿಯುತ್ತ ಕೂತಿದ್ದವನು ತಲೆ ಕೂಡ ಎತ್ತದೆ ಆಯ್ತು ಹೋಗಿ ಅಂದನಂತೆ. ಆಗೆಲ್ಲ ಮುಖ ನೋಡಿ ಒಳಗೆ ಬಿಡುತ್ತಿದ್ದರು. ದನಿ ಆಮೇಲೆ ಬಂದರೂ ನಡೆಯುತ್ತಿತ್ತು.

ಹೊರಗಿನಿಂದ ಬಂದವರ ಮಾತು ನಮ್ಮೂರಲ್ಲಿ ತಡವಾಗಿಯೇ ಕೇಳಿಸುವುದು. ಆಡಿದ ಜಾಗದಲ್ಲೇ, ಆಡಿದ ಹಾಗೆಯೇ ಕೇಳಿಸುತ್ತದೆ, ಆದರೆ ತಡವಾಗಿ. ಊರಲ್ಲಿ ಬಾಳುತ್ತ ಹೋದಂತೆ ಆ ತಡ ಸವೆಯುತ್ತ ಬರುತ್ತದೆ. ಒಮ್ಮೆ ಊರಬಾಗಿಲು ದಾಟಿ ಹೊರಗೆ ಕಾಲಿಟ್ಟರೆ ಮಾತ್ರ ಮತ್ತೆ ಮೊದಲಿನಿಂದ ಶುರು. ಇದನ್ನು ಊರಲ್ಲಿ ಯಾರೂ ದೊಡ್ಡ ಸಂಗತಿ ಅಂದುಕೊಂಡಿರಲಿಲ್ಲ. ಪರವೂರಿನ ಬಳೆಗಾರ ಮುಂಜಾನೆಯೇ ಬೀದಿಬೀದಿ ಕೂಗಿ ಹೋಗಿ, ಮಧ್ಯಾಹ್ನದ ಮೇಲೆ ಬಳೆಯ ಮಲಾರ ಹೊತ್ತು ಬರುತ್ತಿದ್ದ. ಹೊರಗಿನಿಂದ ತಂದ ಸೊಸೆ ತಿರುಗಿ ಬೈದದ್ದು ಅತ್ತೆಯ ಕಿವಿಗೆ ಬೀಳುವಾಗ ಸೊಸೆ ಬಟ್ಟೆ ಒಗೆಯಲು ಹೋಗಿರುತ್ತಿದ್ದಳು, ಎಷ್ಟೋ ಸಂಸಾರಗಳು ಉಳಿದುಕೊಂಡದ್ದೇ ಹಾಗೆ. ನನ್ನ ತಾಯಿಯೂ ಹೊರಗಿನವಳು. ಅವಳು ತೊಟ್ಟಿಲ ಬಳಿ ಹಾಡಿದ ಜೋಗುಳ ನಾನು ಅತ್ತೂ ಅತ್ತೂ ನಿದ್ದೆ ಹೋದ ಮೇಲೆ ಬರುತ್ತಿತ್ತೆಂದು ಅಪ್ಪ ಹೇಳುತ್ತಿದ್ದರು. ನಾನು ವಕೀಲನಾದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೆ ಡಾಕ್ಟ್ರಮ್ಮನ ಕೇಸು ಹಿಡಿದದ್ದಕ್ಕೆ ಇದೆ.

ಅವರ ಪೂರ್ತಿ ಹೆಸರು ಅನಸ್ತಾಸಿಯಾ. ಅದನ್ನು ಹೇಳಿ ಮುಗಿಸುವುದರೊಳಗೆ ಜ್ವರವೇ ಇಳಿದುಹೋಗುತ್ತದೆಂದು ಊರವರು ಅನಸಮ್ಮ ಎಂದು ಚಿಕ್ಕದು ಮಾಡಿಕೊಂಡರು. ಎದುರಿಗೆ ಡಾಕ್ಟ್ರಮ್ಮ ಅನ್ನುತ್ತಿದ್ದರು. ರೋಗಿಗಳನ್ನು ನೋಡುವ ಅವರ ಶಾಪಿನಲ್ಲಿ ಸಾಲಾಗಿ ಮೂರು ಕೋಣೆ. ತಡ ಒಂದಿಷ್ಟು ಸವೆದ ಮೇಲೆ, ಮೊದಲನೆಯದರಲ್ಲಿ ಕೂತವನ ನಾಡಿ ಹಿಡಿದು, ಎಲ್ಲಿ ನೋವು, ಎಂದಿನಿಂದ ಎಂದೆಲ್ಲ ಕೇಳಿ, ಉತ್ತರಕ್ಕೆ ಕಾಯದೆ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಹೋಗುತ್ತಿದ್ದರು. ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಮೊದಲಿನವನಿಗೆ ಪ್ರಶ್ನೆ ತಲುಪಿರುತ್ತಿತ್ತು, ಉತ್ತರವೂ ತಯಾರಾಗಿರುತ್ತಿತ್ತು. ಜನಕ್ಕೆ ಇದು ಬಹಳ ಹಿಡಿಸಿತು. ತಾವು ಹೇಳುವುದೆಲ್ಲ ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕದ ಡಾಕ್ಟರನ್ನು ಅವರು ಅದೇ ಮೊದಲು ಕಂಡದ್ದು. ಬರೆದು ತೋರಿಸಬಹುದಿತ್ತಲ್ಲ ಎಂದು ಕೇಳುವವರು ಡಾಕ್ಟರ ಅಕ್ಷರ ನೋಡಿಲ್ಲವೆಂದೇ ಅರ್ಥ. ಅದನ್ನು ಓದಬಲ್ಲವನು ಔಷಧಿ ಅಂಗಡಿಯವನೊಬ್ಬನೇ, ಅವನೂ ಅರ್ಧ ಊಹೆ ಮಾಡಿಯೇ ಕೊಡುತ್ತಿದ್ದ.

ಊರಿನವರೇ ಆದ ಡಾಕ್ಟರು ಇರಲಿಲ್ಲವೆಂದಲ್ಲ. ಪದ್ಮನಾಭಯ್ಯನವರಿದ್ದರು. ಅವರ ದನಿಗೆ ಒಂದಿಷ್ಟೂ ತಡವಿಲ್ಲ. ರೋಗಿ ಇನ್ನೂ ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ ಗ್ಯಾಸ್ ಎಂದು ಕೇಳಿಸುತ್ತಿತ್ತು. ಮೊಣಕಾಲು ಹಿಡಿದುಕೊಂಡರೂ ಗ್ಯಾಸ್, ಕಿವಿ ಸೋರಿದರೂ ಗ್ಯಾಸ್. ಒಂದು ಹಸಿರು ಸಿರಪ್ಪು ಕೊಟ್ಟು, ಮೇಲೆ ಸೋಡ ಕುಡಿಯಲು ಹೇಳಿ ಕಳಿಸುತ್ತಿದ್ದರು. ಗ್ಯಾಸ್ ಇದ್ದವರಿಗೆ ಖಂಡಿತ ಗುಣವಾಗುತ್ತಿತ್ತು.

ಹಳೆಯ ಕಾಯ್ದೆ ಸರಳವಾಗಿತ್ತು. ಹೊರಗಿನವರ ದನಿಯ ತಡ ಒಂದು ಲೋಟ ಕಾಫಿ ಕುಡಿದು ಮುಗಿಸುವಷ್ಟಕ್ಕೆ ಇಳಿದರೆ ಅವರು ಊರಿನವರು. ಪುರಸಭೆಯವರೇ ಬಂದು, ಕಾಫಿ ಕುಡಿದು, ನೋಡಿ, ಮುದ್ರೆ ಒತ್ತಿ ಹೋಗುತ್ತಿದ್ದರು. ಡಾಕ್ಟ್ರಮ್ಮ ಆ ಲೋಟಕ್ಕಾಗಿ ಹನ್ನೊಂದು ವರ್ಷ ಊರಬಾಗಿಲಿನ ಹತ್ತಿರವೂ ಸುಳಿದಿರಲಿಲ್ಲ. ಅವರ ತಂದೆ ತೀರಿಕೊಂಡ ಸುದ್ದಿ ಬಂದ ದಿನ ಶಾಪಿನ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದರು. ನಾನು ಮಾತಾಡಿಸಲು ಹೋದಾಗ ಖಾಲಿ ನಡುಕೋಣೆಯಲ್ಲಿ ಅಳುವ ದನಿ ಇತ್ತು. ಅವರು ಮಾತ್ರ ಹಿಂದಿನ ಕೋಣೆಯಲ್ಲಿ ಯಾರದೋ ಮಗುವಿನ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದರು.

ಅವರ ತಡ ಕಾಫಿಗೆ ಇಳಿದ ವರ್ಷವೇ ಪುರಸಭೆಗೆ ಚಿಕ್ಕಣ್ಣಯ್ಯ ಅಧ್ಯಕ್ಷರಾದರು. ದಪ್ಪ ಮನುಷ್ಯ, ಜೋರು ದನಿ, ಬಜ್ಜಿ ಬೋಂಡದ ಮೇಲೆ ಪ್ರಾಣ. ಅವರ ಹೆಂಡತಿ ಪುಟ್ಟತಾಯಮ್ಮ ಬಲವಂತ ಮಾಡಿ ಡಾಕ್ಟ್ರಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದರು. ಎದೆಗೆ ಕೊಳವೆಯಿಟ್ಟು ನೋಡಿದ ಡಾಕ್ಟ್ರಮ್ಮ ಏನೋ ಹೇಳಿ ಪಕ್ಕದ ಕೋಣೆಗೆ ಹೋದರು. ಅಧ್ಯಕ್ಷರು ಕಾಯುವ ಪೈಕಿಯಲ್ಲ, ಎದ್ದು ನಡೆದರು. ಕೇಳಿಸಿಕೊಂಡವರು ಪುಟ್ಟತಾಯಮ್ಮ. ಹೃದಯ ಸುಸ್ತಾಗಿದೆ, ಎಣ್ಣೆ ತಿಂಡಿ ಬಿಡಬೇಕು, ಎದೆಯಲ್ಲಿ ಹಿಂಡಿದಂತಾದರೆ ಇದ್ದಲ್ಲೇ ಕೂರಬೇಕು ಎಂಬ ಮಾತನ್ನು ಆಕೆ ಮನೆಗೆ ತಂದು ಹೇಳಿದಾಗ ಅಧ್ಯಕ್ಷರ ಮುಂದೆ ಮೆಣಸಿನಕಾಯಿ ಬಜ್ಜಿಯ ತಟ್ಟೆ ಇತ್ತು. ತಟ್ಟೆ ಖಾಲಿ ಮಾಡಿ ಅವರು ಪದ್ಮನಾಭಯ್ಯನವರ ಹತ್ತಿರ ಹೋದರು. ಅಲ್ಲಿ ಸಿಗಬೇಕಾದ ಉತ್ತರ ತಕ್ಷಣ ಸಿಕ್ಕಿತು.

ಮುಂದಿನ ಸಭೆಯಲ್ಲೇ ಹೊಸ ಕಾಯ್ದೆ ಬಂತು. ಹೊರಗೆ ಓದಿದ ಡಾಕ್ಟರ ದನಿ ಬಾಯಿಂದ ಬಿದ್ದ ಕೂಡಲೇ ಊರಿಗೆ ಕೇಳಿಸಬೇಕು. ಇಲ್ಲವಾದರೆ ಅವರು ಊರು ಬಿಡಬೇಕು. ಈಗಾಗಲೇ ಇರುವವರಿಗೂ ಇದೇ. ಇನ್ನು ಮೇಲೆ ಊರಬಾಗಿಲಿಗೆ ಬಂದ ಯಾರೇ ಆಗಲಿ ತಾನು ಯಾರು, ಏಕೆ ಬಂದೆ ಎಂದು ಹೇಳಬೇಕು, ಅದು ಒಳಗಿನ ಕಾವಲುಗಾರನಿಗೆ ಆಗಿಂದಾಗ ಕೇಳಿಸಿದರೆ ಮಾತ್ರ ಬಾಗಿಲು ತೆರೆಯಬೇಕು. ವಿನಾಯಿತಿ ಬೇಕಾದರೆ ಅಧ್ಯಕ್ಷರ ಸಹಿ. ಮಾತು ತಡವಾದರೆ ಮದ್ದೂ ತಡ ಎಂದು ಚಿಕ್ಕಣ್ಣಯ್ಯನವರು ಮೈಕಿನಲ್ಲಿ ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ತಟ್ಟಿದ ಕೈಗಳಲ್ಲಿ ಒಂದೆರಡಕ್ಕೆ ಡಾಕ್ಟ್ರಮ್ಮ ಹಾಕಿದ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ.

ಹೊರಗಿನಿಂದ ಬಂದಿದ್ದ ಹಲ್ಲಿನ ಡಾಕ್ಟರು ಆ ವಾರವೇ ಗಂಟು ಕಟ್ಟಿದರು. ಕಣ್ಣಿನವರು ಹೇಳದೆ ಕೇಳದೆ ಹೋದರು ಅಂದುಕೊಂಡೆವು. ಅವರು ಬೀದಿಗೆ ಹೇಳಿದ ವಿದಾಯ ಮಾತ್ರ ಅವರು ಹೋದ ಮೇಲೆ ಬಂತು, ಅಷ್ಟು ಹೊತ್ತಿಗೆ ಬೀದಿಯವರು ಬಾಗಿಲು ಹಾಕಿಕೊಂಡಿದ್ದರು. ಡಾಕ್ಟ್ರಮ್ಮ ನನ್ನ ಕಛೇರಿಗೆ ಬಂದು ಕುರ್ಚಿಯಲ್ಲಿ ಕೂತು ನಾಲ್ಕು ಮಾತು ಹೇಳಿ ಸುಮ್ಮನಾದರು. ನಾನು ಕಾಫಿ ತರಿಸಿದೆ. ಲೋಟ ಕೆಳಗಿಟ್ಟಾಗ ಅವರ ದನಿ ಬಂತು. "ಹೋಗೋದಾದ್ರೆ ನಮ್ಮಪ್ಪ ಸತ್ತಾಗ್ಲೇ ಹೋಗ್ತಿದ್ದೆ, ಲಾಯರ್ ಸಾಹೇಬ್ರೆ. ಈಗ ಹೋಗಲ್ಲ."

ನಾನು ಅರ್ಜಿ ಹಾಕಿದೆ. ನಿನ್ನೆ ಸರಿಯಾಗಿದ್ದದ್ದನ್ನು ಇವತ್ತು ತಪ್ಪೆಂದು ಹೇಳಿ ನಿನ್ನೆಯವರಿಗೆ ಶಿಕ್ಷೆ ಕೊಡುವಂತಿಲ್ಲ ಎಂದು ವಾದಿಸಿದೆ. ತಡವಾಗಿ ತಲುಪುವುದೇ ಅಪರಾಧವಾದರೆ, ಮೂರು ಚುನಾವಣೆಯ ಹಿಂದೆ ವೋಟು ಕೇಳಲು ಬಂದಾಗ ಅಧ್ಯಕ್ಷರು ಆಡಿದ ನಲ್ಲಿ ನೀರಿನ ಮಾತು ನಮ್ಮ ಬೀದಿಗೆ ಇನ್ನೂ ತಲುಪಿಲ್ಲ, ಮೊದಲು ಅದರ ವಿಚಾರಣೆಯಾಗಲಿ ಎಂದೂ ಹೇಳಿದೆ. ನ್ಯಾಯಾಧೀಶ ತ್ರಿಯಂಬಕರಾಯರು ಹೊಟ್ಟೆ ಕುಣಿಯುವಂತೆ ನಕ್ಕರು, ನಕ್ಕು ಅರ್ಜಿದಾರರನ್ನು ಖುದ್ದು ಕಟಕಟೆಗೆ ಕರೆಸಿ ಅಂದರು. ನನಗೆ ಭಯವಾದದ್ದು ಅಲ್ಲಿ. ನಮ್ಮ ಕೋರ್ಟಿನಲ್ಲಿ ಪ್ರಶ್ನೆ ಕೇಳಿದ ಮೇಲೆ ಗುಮಾಸ್ತ ಲೇಖನಿಯನ್ನು ಮಸಿಯಲ್ಲಿ ಅದ್ದಿ ತೆಗೆಯುವುದರೊಳಗೆ ಉತ್ತರ ಬರಬೇಕು. ಬರದಿದ್ದರೆ ಉತ್ತರವಿಲ್ಲ ಎಂದು ಬರೆದುಕೊಳ್ಳುತ್ತಾರೆ.

ಆಗ ನನಗೊಂದು ಬುದ್ಧಿ ಹೊಳೆಯಿತು, ಅದನ್ನು ಬುದ್ಧಿ ಅನ್ನಬಹುದಾದರೆ. ಪುರಸಭೆಯ ವಕೀಲ ಸದಾಶಿವಮೂರ್ತಿ ಜೀವಮಾನವಿಡೀ ಹೊರಗಿನವರಿಗೆ ಅವೇ ಐದು ಪ್ರಶ್ನೆಗಳನ್ನು ಅದೇ ಸಾಲಿನಲ್ಲಿ ಕೇಳಿಕೊಂಡು ಬಂದ ಮನುಷ್ಯ. ಹೆಸರೇನು, ಊರಿಗೆ ಏಕೆ ಬಂದಿರಿ, ಇಲ್ಲಿ ನಿಮಗೆ ಆಸರೆ ಯಾರು, ನಿಮ್ಮಿಂದ ಯಾರಿಗಾದರೂ ತೊಂದರೆಯಾಗಿದೆಯೇ, ಕೋರ್ಟಿನ ಮಾತನ್ನು ಒಪ್ಪುತ್ತೀರಾ. ಡಾಕ್ಟ್ರಮ್ಮ ಮೊದಲೇ ಹೋಗಿ ಖಾಲಿ ಕೋರ್ಟಿನ ಕಟಕಟೆಯಲ್ಲಿ ನಿಂತು, ನಡುನಡುವೆ ಪ್ರಶ್ನೆಯಷ್ಟು ಬಿಡುವು ಬಿಟ್ಟು ಐದೂ ಉತ್ತರ ಹೇಳಿಬಿಟ್ಟರೆ, ಪ್ರಶ್ನೆ ಬೀಳುವ ಹೊತ್ತಿಗೆ ಉತ್ತರ ಸರಿಯಾಗಿ ಬಂದು ಕೂರುತ್ತದೆ. ದನಿಗೆ ಒಂದು ಚೂರೂ ತಡವಿಲ್ಲವೆಂದು ಕೋರ್ಟೇ ಕಿವಿಯಾರೆ ಕೇಳುತ್ತದೆ. ನನ್ನ ಮನೆಯಲ್ಲಿ ಅಭ್ಯಾಸ ಮಾಡಿದೆವು. ನನ್ನ ಹೆಂಡತಿ ಸದಾಶಿವಮೂರ್ತಿಯಾದಳು. ಗಡಿಯಾರ ನೋಡಿದ ಹಾಗೆ ಕೂಡಿ ಬಂತು. ಡಾಕ್ಟ್ರಮ್ಮ ನಕ್ಕರು. ಅವರ ನಗು ನಮ್ಮ ಮನೆಯಲ್ಲಿ ಕೇಳಿಸುವಾಗ ಅವರು ತಮ್ಮ ಬೀದಿಯ ತಿರುವಿನಲ್ಲಿದ್ದರು.

ವಿಚಾರಣೆಯ ದಿನ ಎಲ್ಲ ಲೆಕ್ಕವೂ ಸರಿಯಿತ್ತು, ತ್ರಿಯಂಬಕರಾಯರ ಉಪ್ಪಿಟ್ಟೊಂದನ್ನು ಬಿಟ್ಟು. ಅವರು ಎರಡನೇ ಸಲ ಬಡಿಸಿಕೊಂಡಿದ್ದರಿಂದ ಪೀಠಕ್ಕೆ ಬರುವುದು ತುಸು ತಡವಾಯಿತು. ಅವರು ಬಂದರೆಂದು ನಾವೆಲ್ಲ ಎದ್ದು ನಿಲ್ಲುವ ಗಲಾಟೆಯಲ್ಲಿ ಕಟಕಟೆಯಿಂದ "ಅನಸ್ತಾಸಿಯಾ" ಎಂದು ಕೇಳಿಸಿತು. ಉತ್ತರ ಬಂದಾಗಿತ್ತು, ಪ್ರಶ್ನೆ ಇನ್ನೂ ಬಂದಿರಲಿಲ್ಲ. ಸದಾಶಿವಮೂರ್ತಿ ಗಂಟಲು ಸರಿಮಾಡಿಕೊಂಡು ಹೆಸರೇನು ಅಂದ.

"ಇಲ್ಲಿ ಕಾಯಿಲೆಯವರು ಜಾಸ್ತಿ ಅಂತ ಕೇಳಿದ್ದೆ" ಅಂದಿತು ದನಿ.

ಕೋರ್ಟು ಗೊಳ್ಳೆಂದು ನಕ್ಕಿತು. ಊರಿಗೆ ಏಕೆ ಬಂದಿರಿ ಅಂದರೆ, ನನ್ನ ಕೈ ನನ್ನ ಕೆಲಸ, ಬೇರೆ ಯಾರೂ ಇಲ್ಲ ಎಂಬ ಉತ್ತರ. ಆಸರೆ ಯಾರು ಅಂದರೆ, ಇದುವರೆಗೆ ಒಬ್ಬರೂ ದೂರಿಲ್ಲ. ನಾನು ಎದ್ದು ನಿಂತು ಸ್ವಾಮಿ, ಒಂದು ನಿಮಿಷ ಅಂದೆ. ನನ್ನ ದನಿಗೆ ತಡವಿಲ್ಲದಿದ್ದರೂ ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ನಿಮ್ಮಿಂದ ಯಾರಿಗಾದರೂ ತೊಂದರೆಯಾಗಿದೆಯೇ ಎಂದು ಸದಾಶಿವಮೂರ್ತಿ ಬಾಯಿಪಾಠ ಒಪ್ಪಿಸಿದ.

"ಖಂಡಿತ, ತಲೆಬಾಗಿ ಒಪ್ಕೋತೀನಿ" ಎಂದು ಅನಸಮ್ಮನವರ ದನಿ ಸ್ಪಷ್ಟವಾಗಿ ಹೇಳಿತು.

ಗುಮಾಸ್ತ ಅಷ್ಟು ಚೆಂದದ ಅಕ್ಷರದಲ್ಲಿ ಬರೆದದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಐದನೆಯ ಪ್ರಶ್ನೆಗೆ ಉಳಿದ ಉತ್ತರ ಯಾವುದೂ ಇರಲಿಲ್ಲ. ಕೋರ್ಟಿನ ಮಾತನ್ನು ಒಪ್ಪುತ್ತೀರಾ ಎಂದದ್ದಕ್ಕೆ ಅರ್ಜಿದಾರರು ಉತ್ತರ ಕೊಡಲಿಲ್ಲವೆಂದು ದಾಖಲಾಯಿತು. ಕಟಕಟೆಯಲ್ಲಿ ಡಾಕ್ಟ್ರಮ್ಮ ತಲೆ ಅಡ್ಡಡ್ಡ ಆಡಿಸುತ್ತ ತುಟಿ ಅಲುಗಿಸುತ್ತಲೇ ಇದ್ದರು. ಸ್ವಲ್ಪ ಕಾಯಿರಿ, ಈಗ ಆಡುತ್ತಿರುವುದೇ ನಿಜವಾದ ಉತ್ತರ ಎಂದು ನಾನು ಗೋಗರೆದೆ. ತ್ರಿಯಂಬಕರಾಯರು ಕಾಫಿಗೆ ಎದ್ದರು. ಎಲ್ಲರೂ ಎದ್ದರು. ಆ ಉತ್ತರ ಬಂದಾಗ ಕೋರ್ಟಿನಲ್ಲಿ ಇದ್ದದ್ದು ಬೆಂಚು ಒರೆಸುವ ಆಳು ಮತ್ತು ನಾನು. ಇಲ್ಲ ಸ್ವಾಮಿ, ಅದು ಬೇರೆ ಪ್ರಶ್ನೆಯ ಉತ್ತರ, ನನ್ನಿಂದ ಯಾರಿಗೂ ತೊಂದರೆಯಾಗಿಲ್ಲ ಎಂದು ಖಾಲಿ ಕಟಕಟೆ ಹೇಳುತ್ತಿತ್ತು. ಬೆಂಚು ಒರೆಸುವವನು ಹೌದೌದು ಎಂದು ತಲೆಯಾಡಿಸಿ ಒರೆಸುವುದನ್ನು ಮುಂದುವರಿಸಿದ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಕಾಫಿಯ ನಂತರ ತೀರ್ಪು. ಅರ್ಜಿ ವಜಾ. ಅರ್ಜಿದಾರರನ್ನು ಈಗಿಂದೀಗಲೇ ಊರಬಾಗಿಲಿನಿಂದ ಹೊರಗೆ ಕಳಿಸತಕ್ಕದ್ದು. ಮುಂದಿನ ಸಾಲಿನಲ್ಲಿ ಚಿಕ್ಕಣ್ಣಯ್ಯನವರು ಹಾರಕ್ಕೆ ಕುತ್ತಿಗೆ ಸಿದ್ಧಮಾಡಿಕೊಂಡು ಕೂತಿದ್ದರು. ನಾನು ನ್ಯಾಯಾಧೀಶರನ್ನು ನೋಡುತ್ತಿದ್ದೆ, ಡಾಕ್ಟ್ರಮ್ಮ ಮಾತ್ರ ಅಧ್ಯಕ್ಷರನ್ನು ನೋಡುತ್ತಿದ್ದರು. ಅಧ್ಯಕ್ಷರ ಹಣೆಯಲ್ಲಿ ನೀರಿಳಿಯುತ್ತಿತ್ತು. ಎಡಗೈಯನ್ನು ಬಲಗೈಯಿಂದ ನೀವಿಕೊಳ್ಳುತ್ತಿದ್ದರು. ಡಾಕ್ಟ್ರಮ್ಮ ಕಟಕಟೆಯಿಂದ ಇಳಿದು ಓಡಿಹೋಗಿ ಅವರ ಮಣಿಕಟ್ಟು ಹಿಡಿದರು, ಹೆಗಲು ಹಿಡಿದು ಬೆಂಚಿಗೆ ಒತ್ತಿದರು, ಮುಖದ ಹತ್ತಿರ ಬಾಗಿ ಏನೋ ಹೇಳಿದರು. ಹೊರಗಿನವಳು ಅಧ್ಯಕ್ಷರ ಮೇಲೆ ಕೈ ಮಾಡಿದಳು ಎಂದು ಯಾರೋ ಕೂಗಿದರು. ದಫೇದಾರರಿಬ್ಬರು ಅವರನ್ನು ಎಳೆದುಕೊಂಡು ಹೋದರು. ಪುರಸಭೆಯ ಜೀಪೆಲ್ಲ ಅಧ್ಯಕ್ಷರ ಗೆಲುವಿನ ಮೆರವಣಿಗೆಗೆ ಅಲಂಕಾರವಾಗಿ ನಿಂತಿದ್ದರಿಂದ, ಅವರನ್ನೂ ಅವರ ಪೆಟ್ಟಿಗೆಯನ್ನೂ ಕಸದ ಗಾಡಿಯಲ್ಲಿ ಕೂರಿಸಿ ಊರಬಾಗಿಲಿಗೆ ಕಳಿಸಿದರು.

ಹಾರ ಬಿತ್ತು. ಅಧ್ಯಕ್ಷರು ಎರಡು ಮಾತು ಆಡುತ್ತೇನೆ ಎಂದು ಎದ್ದು ನಿಂತರು. ಮೊದಲನೆಯ ಮಾತು ಮುಗಿಯುವ ಮುಂಚೆ ಹಾರದ ಸಮೇತ ಕುಸಿದರು. ಅವರನ್ನು ಬೆಂಚಿನ ಮೇಲೆ ಮಲಗಿಸಿದೆವು. ಪದ್ಮನಾಭಯ್ಯನವರು ಅಲ್ಲೇ ಇದ್ದರು, ಅವರ ದನಿ ಎಂದಿನಂತೆ ತಕ್ಷಣ ಬಂತು. ಸೋಡ ತರಲು ಜನ ಓಡಿದರು. ಪುಟ್ಟತಾಯಮ್ಮ ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಗಾಳಿ ಬೀಸುತ್ತಿದ್ದರು. ಆಗ ಆ ಬೆಂಚಿನ ಬದಿಯಲ್ಲೇ, ಅಧ್ಯಕ್ಷರ ಮುಖದ ಹತ್ತಿರ, ಡಾಕ್ಟ್ರಮ್ಮನ ದನಿ ಬಂತು.

"ಕೂತ್ಕೊಳ್ಳಿ ಅಧ್ಯಕ್ಷರೆ. ಇದು ಗ್ಯಾಸ್ ಅಲ್ಲ, ಹಾರ್ಟಿಂದು. ನಿಲ್ಬೇಡಿ, ಮಾತಾಡ್ಬೇಡಿ. ಹೆದರ್ಕೋಬೇಡಿ, ನಾನು ಇಲ್ಲೇ ಇದ್ದೀನಿ."

ಎಲ್ಲರೂ ಆ ಕಡೆ ತಿರುಗಿ ನೋಡಿದರು. ಅಲ್ಲಿ ಯಾರಿದ್ದರು? ಚಿಕ್ಕಣ್ಣಯ್ಯನವರ ಕಣ್ಣು ಕೂಡ ಹುಡುಕಿತು. "ಆಯಮ್ಮನ್ನ ಕರ್ಕಂಡ್ ಬನ್ನಿ" ಅಂದರು, ಬಹಳ ಸಣ್ಣಗೆ. ಪುಟ್ಟತಾಯಮ್ಮ ನನ್ನ ಕಡೆ ನೋಡಿದರು. ನಾನು ಸ್ಕೂಟರ್ ಹತ್ತಿದೆ.

ಊರಬಾಗಿಲ ಕಬ್ಬಿಣದ ಸರಳುಗಳಾಚೆ ಡಾಕ್ಟ್ರಮ್ಮ ಪೆಟ್ಟಿಗೆಯ ಮೇಲೆ ಕೂತಿದ್ದರು. ನಾನು ಏದುಸಿರು ಬಿಡುತ್ತ ಹೇಳಿದ್ದನ್ನು ಕೇಳಿದ್ದೇ ಎದ್ದು ಸರಳಿನ ಹತ್ತಿರ ಬಂದರು. ಬೋರಣ್ಣನಿಗೆ ಬಾಗಿಲು ತೆಗೆಯಲು ಹೇಳಿದೆ. ಅವನು ಕೆಟ್ಟವನಲ್ಲ, ಅವನ ಮಗಳ ಹೆರಿಗೆ ಮಾಡಿಸಿದವರೇ ಡಾಕ್ಟ್ರಮ್ಮ. ಆದರೆ ಕೆಲಸ ಹೋಗುತ್ತದೆಂಬ ಭಯ ಅವನ ಕೈಕಾಲು ಕಟ್ಟಿಹಾಕಿತ್ತು. "ಯಾರು, ಯಾಕ್ ಬಂದ್ರಿ ಅಂತ ಅವ್ರ ಬಾಯಲ್ಲಿ ಈಗ್ಲೇ ಕೇಳ್ಸಬೇಕು ಸಾಮಿ. ಇಲ್ಲಾಂದ್ರೆ ಅಧ್ಯಕ್ಷರ ಸೈನ್ ತನ್ನಿ" ಅಂದ, ನನ್ನ ಮುಖ ನೋಡದೆ. ಡಾಕ್ಟ್ರಮ್ಮ ಸರಳು ಹಿಡಿದು ಅವನನ್ನೇ ನೋಡುತ್ತ ಹೇಳಿದರು. ತುಟಿ ಅಲುಗಿದ್ದನ್ನು ಇಬ್ಬರೂ ನೋಡಿದೆವು. ಏನೂ ಕೇಳಿಸಲಿಲ್ಲ. ಬಾಗಿಲ ಹೊರಗೆ ಕಾಲಿಟ್ಟ ಮೇಲೆ ಅವರ ಹನ್ನೊಂದು ವರ್ಷ ಅಲ್ಲಿಗೆ ಮುಗಿದಿತ್ತು, ಅವರು ಮತ್ತೆ ಹೊಸಬರು. ಅವರು ಬ್ಯಾಗಿನಿಂದ ಒಂದು ಮಾತ್ರೆ ತೆಗೆದು ನನ್ನ ಅಂಗೈಯಲ್ಲಿಟ್ಟು ಮುಚ್ಚಿ, ಜಗಿಯಬೇಕೆಂದು ಹಲ್ಲು ತೋರಿಸಿ, ಓಡು ಎಂದು ಕೈ ಮಾಡಿದರು.

ಓಡಿದೆ. ಪದ್ಮನಾಭಯ್ಯನವರು ಮಾತ್ರೆಯನ್ನು ಕಿತ್ತುಕೊಂಡು ಮೂಸಿ ನೋಡಿ, ಹೊರಗಿನವರ ಮದ್ದು, ಏನಾದರೂ ಆದರೆ ಯಾರು ಹೊಣೆ ಎಂದು ಜೇಬಿಗೆ ಹಾಕಿಕೊಂಡರು. ಪುಟ್ಟತಾಯಮ್ಮ ಕೊಡಿ ಎಂದು ಕೈ ಚಾಚಿದರೆ ಹೆಂಗಸರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಅಂದರು. ನಾನು ತ್ರಿಯಂಬಕರಾಯರ ಕಾಲಿಗೇ ಬಿದ್ದೆ. ಅವರಿಗೂ ಮನಸ್ಸು ಕರಗಿತ್ತು, ಸುಳ್ಳು ಹೇಳಬಾರದು. ಆದರೆ ಈಗಷ್ಟೇ ಹೊರಹಾಕಿದವರಿಂದ ಚಿಕಿತ್ಸೆ ಪಡೆದರೆ ತಮ್ಮದೇ ಆದೇಶದ ಉಲ್ಲಂಘನೆಯಾಗುತ್ತದೆ, ತಡೆಯಾಜ್ಞೆಗೆ ಒಂದು ಅರ್ಜಿ ಕೊಡಿ, ಕೂಡಲೇ ನೋಡುತ್ತೇನೆ ಅಂದರು. ನಾನು ನಿಂತಲ್ಲೇ ಅರ್ಜಿ ಬರೆದೆ. ಅಧ್ಯಕ್ಷರ ಸಹಿಗಾಗಿ ಅವರ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿದವರೂ ಇದ್ದರು. ಪೆನ್ನು ಮೊದಲು ಕೆಳಗೆ ಬಿತ್ತು, ಕೈ ಆಮೇಲೆ. ನನ್ನ ಅರ್ಜಿಯ ಕೊನೆಯ ಸಾಲು ಇನ್ನೂ ಬಾಕಿಯಿತ್ತು. ಪುಟ್ಟತಾಯಮ್ಮ ಗಾಳಿ ಬೀಸುವುದನ್ನು ಬಹಳ ಹೊತ್ತು ನಿಲ್ಲಿಸಲಿಲ್ಲ.

ಸಾವಿಗೆ ಕಾರಣ ತಲೆಗೇರಿದ ಗ್ಯಾಸ್ ಎಂದು ಪದ್ಮನಾಭಯ್ಯನವರು ಬರೆದುಕೊಟ್ಟರು. ಮೆರವಣಿಗೆಗೆ ಅಲಂಕರಿಸಿದ್ದ ಜೀಪಿನಲ್ಲೇ ಹೆಣ ಇಟ್ಟರು, ಹೂವು ಬದಲಿಸುವ ಕೆಲಸವಿರಲಿಲ್ಲ. ನಮ್ಮೂರ ಸ್ಮಶಾನ ಇರುವುದು ಊರಬಾಗಿಲಿನ ಆಚೆ. ಜನವೆಲ್ಲ ಹಿಂದೆ ನಡೆದೆವು. ಹೊಸ ಕಾಯ್ದೆಯನ್ನು ಅಧ್ಯಕ್ಷರ ನೆನಪಿಗಾಗಿ ಅವರ ಹೆಸರಿನಿಂದಲೇ ಕರೆಯಬೇಕೆಂದು ಸದಾಶಿವಮೂರ್ತಿ ದಾರಿಯಲ್ಲಿ ಹೇಳುತ್ತಿದ್ದ. ನಾಲ್ಕು ಜನ ಹೂಂಗುಟ್ಟುತ್ತಿದ್ದರು.

ಜೀಪು ಬಂದದ್ದು ಕಂಡು ಬೋರಣ್ಣ ಎರಡೂ ಕದ ಅಗಲವಾಗಿ ತೆರೆದು ಕೈಮುಗಿದು ನಿಂತ. ಆಚೆ ಬದಿಯಲ್ಲಿ ಡಾಕ್ಟ್ರಮ್ಮ ಬ್ಯಾಗು ಹಿಡಿದುಕೊಂಡು ಇನ್ನೂ ನಿಂತೇ ಇದ್ದರು. ಜೀಪಿನ ಮೇಲಿನದನ್ನು ನೋಡಿದರು, ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಪುಟ್ಟತಾಯಮ್ಮ ಜೀಪಿನ ಹಿಂದಿನಿಂದ ಬಿಡಿಸಿಕೊಂಡು ಅವರ ಹತ್ತಿರ ಹೋಗಿ ನಿಂತರು. ಊರಲ್ಲಿ ದೀಪ ಹಚ್ಚುತ್ತಿದ್ದರು. ಜೀಪು ಬಾಗಿಲ ನಡುವೆ ಇರುವಾಗ, ಮುಚ್ಚಿದ್ದಾಗ ಕದದ ಸರಳುಗಳಿದ್ದ ಜಾಗದಲ್ಲಿ, ಅವರು ಬೆಳಿಗ್ಗೆ ಆಡಿದ ಮಾತು ಬಂತು.

"ನಾನು ಡಾಕ್ಟರು, ಬೋರಣ್ಣ. ಒಳಗೆ ಒಬ್ರಿಗೆ ಎದೆನೋವು. ಬಾಗ್ಲು ತೆಗಿ, ಇನ್ನೂ ಹೊತ್ತಿದೆ."